ಹಿತ್ತಲಲ್ಲಿ ಸಿಕ್ಕ ಕೆಂಪು ಹರಳು ಯಾರದ್ದು?

ಹೋದ ಮಳೆಗಾಲ ಮುಗಿದ ಮೇಲೆ ಸುಳ್ಯದ ಕಡೆ ಇರುವ ನಮ್ಮ ಮಾವ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದರು. ಅಂಗೈ ಮೇಲೆ ಸಣ್ಣ ಅಡಿಕೆಯಷ್ಟು ಕಲ್ಲು. ಕಂದು ಬೆರೆತ ಕೆಂಪು. ಯಾರೋ ಕೂತು ಕತ್ತರಿಸಿದ ಹಾಗೆ ಸುತ್ತಲೂ ಚಪ್ಪಟೆ ಮುಖಗಳು. ಫೋಟೊ ಸರಿಯಾಗಿ ನೋಡುವ ಮೊದಲೇ ಫೋನ್ ಬಂತು.

"ಇದು ಎಂತ ಮಾರಾಯಾ? ಅಡಿಕೆ ಗಿಡಕ್ಕೆ ಗುಂಡಿ ತೆಗೆಯುವಾಗ ಮೂರು ಸಿಕ್ಕಿತ್ತು. ಒಬ್ಬ ಬಂದು ಮಾಣಿಕ್ಯದ ಜಾತಿ ಅಂದ. ಒಂದಕ್ಕೆ 500 ರೂಪಾಯಿ ಕೊಟ್ಟು ಎರಡು ತೆಗೆದುಕೊಂಡು ಹೋದ. ಇದನ್ನೂ ಕೇಳ್ತಾ ಇದ್ದಾನೆ."

"ಕೊಡಬೇಡಿ ಮಾವ. ಅವನು ಬೇರೆ ಏನು ಕೇಳಿದ?"

"ಎಲ್ಲಿ ಸಿಕ್ಕಿತು, ಎಷ್ಟು ಅಡಿ ಕೆಳಗೆ, ತೋಡಿನ ಹತ್ತಿರವಾ ಗುಡ್ಡೆ ಮೇಲಾ ಅಂತ. ಅದನ್ನೇ ನಾಲ್ಕು ಸಲ ಕೇಳಿದ."

ಅಲ್ಲಿಗೆ ನನಗೆ ಅರ್ಧ ಅರ್ಥವಾಯಿತು. ಆ 500 ರೂಪಾಯಿ ಕಲ್ಲಿನ ಬೆಲೆ ಆಗಿರಲಿಲ್ಲ. ಜಾಗದ ವಿವರಕ್ಕೆ ಕೊಟ್ಟ ಬೆಲೆ ಅದು. ಹರಳು ಕಲ್ಲಿನ ವ್ಯವಹಾರ ಗೊತ್ತಿದ್ದವನಿಗೆ ಒಂದು ಕಲ್ಲಿಗಿಂತ ಅದು ಬಂದ ಊರು ಮುಖ್ಯ. ಭೂವಿಜ್ಞಾನಿಗೂ ಅಷ್ಟೇ. ಕಲ್ಲು ಸಿಕ್ಕಿದ ಮನೆಯವರಿಗೆ ಮಾತ್ರ ಇದು ಗೊತ್ತಿರುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಹರಳು ಕಲ್ಲಿನ ಸುದ್ದಿ ಬಂದಾಗಲೆಲ್ಲ ದಂಧೆ, ದಾಳಿ, ವಶ ಎಂದಷ್ಟೇ ಓದುತ್ತೇವೆ. ಕಲ್ಲು ಯಾಕೆ ಅಲ್ಲಿತ್ತು, ನಿಜವಾಗಿ ಅದು ಏನು, ತೋಟದಲ್ಲಿ ಸಿಕ್ಕರೆ ಯಾರದ್ದು, ಯಾರಿಗೆ ತೋರಿಸಬೇಕು ಅಂತ ಯಾರೂ ಹೇಳುವುದಿಲ್ಲ. ಮಾವನ ಕಲ್ಲು ಹಿಡಿದುಕೊಂಡು ಒಂದಷ್ಟು ಓಡಾಡಿದ್ದರಿಂದ, ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ. ಮಂಗಳೂರಿನಲ್ಲಿ ಕೆಂಪು ಕಲ್ಲು ಅಂದರೆ ಮನೆ ಕಟ್ಟುವ ಮುರಕಲ್ಲು. 2025ರ ಮಳೆಗಾಲದಲ್ಲಿ ಕೆಂಪು ಕಲ್ಲು ಸಿಗದೆ ಎಷ್ಟೋ ಮನೆ ಕೆಲಸ ನಿಂತಿತ್ತಲ್ಲ, ಅದು ಆ ಕಲ್ಲು. ಸುಬ್ರಹ್ಮಣ್ಯ, ಕಲ್ಮಕಾರು ಕಡೆ ಹೋದರೆ ಕೆಲವರು ಕೆಂಪು ಕಲ್ಲು ಅಂದಾಗ ಅವರ ಮನಸ್ಸಿನಲ್ಲಿರುವುದು ಹರಳು ಕಲ್ಲು. ಎರಡಕ್ಕೂ ಸಂಬಂಧವಿಲ್ಲ. ಹರಳು ಕಲ್ಲು ಎಂಬ ಒಂದೇ ಹೆಸರಿನ ಕೆಳಗೂ ಕಡಿಮೆ ಅಂದರೆ ಎರಡು ಬೇರೆ ಖನಿಜಗಳಿವೆ. ಒಂದು ಗಾರ್ನೆಟ್. ಇನ್ನೊಂದು ಕುರುವಿಂದ, ಅಂದರೆ ಕೊರಂಡಮ್. ಆ ಇಂಗ್ಲಿಷ್ ಹೆಸರು ಬಂದದ್ದೂ ನಮ್ಮ ಕಡೆಯ ಭಾಷೆಗಳ ಕುರುವಿಂದ, ಕುರುಂದಂ ಎಂಬ ಪದಗಳಿಂದಲೇ. ಕುರುವಿಂದದಲ್ಲಿ ಕ್ರೋಮಿಯಂ ಸೇರಿ ಚೆನ್ನಾಗಿ ಕೆಂಪಾದರೆ ಮಾಣಿಕ್ಯ. ಕಬ್ಬಿಣ ಮತ್ತು ಟೈಟಾನಿಯಂ ಸೇರಿ ನೀಲಿಯಾದರೆ ನೀಲ. ಬಣ್ಣ, ಪಾರದರ್ಶಕತೆ ಎರಡೂ ಇಲ್ಲದಿದ್ದರೆ ಬರೀ ಗಟ್ಟಿ ಕಲ್ಲು. ಹಿಂದೆ ಅದನ್ನು ಪುಡಿ ಮಾಡಿ ಸಾಣೆ ಹಿಡಿಯಲು ಬಳಸುತ್ತಿದ್ದರು.

ಸುಳ್ಯದಲ್ಲಿ ಸಿಗುವುದು ಉಡುಪಿಯ ಗದ್ದೆಯಲ್ಲಿ ಯಾಕೆ ಸಿಗುವುದಿಲ್ಲ? ಇದಕ್ಕೆ ಉತ್ತರ ನೆಲದ ಕೆಳಗಿದೆ. ನಮ್ಮ ಕರಾವಳಿಯ ಬುಡದಲ್ಲಿರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಬಂಡೆ. ಹೆಚ್ಚಿನ ಕಡೆ ಅದು ಬೂದು ಬಣ್ಣದ, ಪಟ್ಟೆ ಪಟ್ಟೆಯ, ಸಾಧಾರಣ ಕಲ್ಲು. ಮಡಿಕೇರಿಯ ಸುತ್ತ ಹಾದುಹೋಗುವ ಒಂದು ಹಳೆಯ ಬಿರುಕು ಪಟ್ಟಿ ಇದೆ. ಭೂವಿಜ್ಞಾನಿಗಳು ಅದನ್ನು ಮರ್ಕೆರಾ ಶಿಯರ್ ಝೋನ್ ಅನ್ನುತ್ತಾರೆ. ಎರಡು ಹಳೆಯ ಭೂಖಂಡದ ತುಂಡುಗಳು ಅಲ್ಲಿ ಒಂದಕ್ಕೊಂದು ಉಜ್ಜಿ ಸೇರಿವೆ. ಆ ತಿಕ್ಕಾಟದಲ್ಲಿ ಅಲ್ಯುಮಿನಿಯಂ ಜಾಸ್ತಿ ಇದ್ದ ಹಳೆಯ ಜೇಡಿಮಣ್ಣಿನ ಪದರಗಳು ಎಷ್ಟೋ ಕಿಲೋಮೀಟರ್ ಆಳಕ್ಕೆ ಹೋಗಿ, ಬೆಂದು, ಒತ್ತಡಕ್ಕೆ ಸಿಕ್ಕಿ, ಮತ್ತೆ ಮೇಲೆ ಬಂದಿವೆ. ಹಾಗೆ ಬೇಯುವಾಗ ಹುಟ್ಟುವುದೇ ಗಾರ್ನೆಟ್, ಕಯನೈಟ್, ಸಿಲಿಮನೈಟ್. ಕುರುವಿಂದ ಹುಟ್ಟಬೇಕಾದರೆ ಇನ್ನೊಂದು ಷರತ್ತು ಇದೆ. ಅಲ್ಯುಮಿನಿಯಂ ಧಾರಾಳವಾಗಿರಬೇಕು, ಸಿಲಿಕಾ ಕೊರತೆ ಇರಬೇಕು. ಸಿಲಿಕಾ ಇದ್ದರೆ ಅಲ್ಯುಮಿನಿಯಂ ಅದರ ಜೊತೆ ಸೇರಿ ಬೇರೆಯೇ ಖನಿಜವಾಗಿಬಿಡುತ್ತದೆ. ಅದಕ್ಕೇ ಗಾರ್ನೆಟ್ ಎಷ್ಟೋ ಕಡೆ ಸಿಗುತ್ತದೆ, ಕುರುವಿಂದ ಅಪರೂಪ. ಬೆಣಚುಕಲ್ಲು ಅಂದರೆ ಸಿಲಿಕಾವೇ, ಅದು ತುಂಬಿದ ಬಂಡೆಯ ಒಳಗಿಂದ ಮಾಣಿಕ್ಯ ತೆಗೆದೆ ಅಂತ ಯಾರಾದರೂ ಹೇಳಿದರೆ ಎರಡು ಸಲ ಯೋಚಿಸಿ.

ಮತ್ತೆ ಮಳೆ. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ. ಅದು ಬಂಡೆಯನ್ನೇ ತಿಂದುಹಾಕುತ್ತದೆ. ಬಾವಿ ತೋಡಿದವರಿಗೆ ಇದು ಗೊತ್ತಿರುತ್ತದೆ: ಮೇಲೆ ಮುರಕಲ್ಲು, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಆ ಶೇಡಿ ಮಣ್ಣು ಒಂದು ಕಾಲದಲ್ಲಿ ಬಂಡೆಯೇ. ಅದರಲ್ಲಿದ್ದ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗಿದೆ. ಗಾರ್ನೆಟ್ ಕೂಡ ನಿಧಾನವಾಗಿ ತುಕ್ಕು ಹಿಡಿದು ಕಂದು ಪುಡಿಯಾಗುತ್ತದೆ. ಕೊನೆಗೆ ಉಳಿಯುವುದು ಬೆಣಚುಕಲ್ಲು ಮತ್ತು ಕುರುವಿಂದದಂಥ ಹಠಮಾರಿ ಕಲ್ಲುಗಳು. ಕುರುವಿಂದ ತೂಕದ್ದೂ ಹೌದು. ಹಾಗಾಗಿ ತೋಡಿನ ತಿರುವಿನಲ್ಲಿ, ದೊಡ್ಡ ಬಂಡೆಯ ಹಿಂಬದಿಯಲ್ಲಿ, ನೀರಿನ ವೇಗ ಕಡಿಮೆಯಾಗುವ ಕಡೆ ಕೂತುಕೊಳ್ಳುತ್ತದೆ. ಹರಳು ಹುಡುಕುವವರು ಮಳೆ ನಿಂತ ಮೇಲೆ ತೋಡಿಗೆ ಇಳಿಯುವುದು ಇದಕ್ಕೇ. ಶ್ರೀಲಂಕಾದ ರತ್ನಪುರದಲ್ಲಿ ಇಂಥ ಹರಳು ತುಂಬಿದ ಗರಸಿನ ಪದರವನ್ನು ಇಲ್ಲಂ ಅನ್ನುತ್ತಾರೆ. ಅಲ್ಲಿನ ರತ್ನದ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ಉಡುಪಿಯವರು ಹರಳು ಅಂದ ಕೂಡಲೇ ಕೇಳುವುದು ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಬಗ್ಗೆ. ಆರು ಮೂಲೆಯ ಕಂಬಗಳು ಸಾಲಾಗಿ ನಿಂತಿವೆ, ಅವು ದೊಡ್ಡ ಹರಳುಗಳೇ ಅಲ್ವಾ ಅಂತ. ಅಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ ಹರಿದ ಲಾವಾ ತಣ್ಣಗಾಗುತ್ತ ಕುಗ್ಗಿ, ಬೇಸಿಗೆಯಲ್ಲಿ ಕೆರೆಯ ಕೆಸರು ಒಡೆಯುವ ಹಾಗೆ ಒಡೆದು, ಆ ಆಕಾರ ಬಂದದ್ದು. ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಏಳು. ಹರಳು ಹಾಗೆ ಮೂಲೆ ಬದಲಾಯಿಸುವುದಿಲ್ಲ. ಹರಳಿನ ಮುಖಗಳು ಅದರೊಳಗಿನ ಅಣುಗಳ ಜೋಡಣೆಯಿಂದ ಬರುತ್ತವೆ. ಸಾಸಿವೆಯಷ್ಟಿರಲಿ, ತೆಂಗಿನಕಾಯಿಯಷ್ಟಿರಲಿ, ಮುಖಗಳ ನಡುವಿನ ಕೋನ ಒಂದೇ. ಆ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿಂದ ಒಂದು ಚೂರು ಕಲ್ಲನ್ನೂ ಎತ್ತಬೇಡಿ. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೊಹಿನೂರ್ ವಜ್ರ ಬಂತು ಎನ್ನುವ ಕೊಲ್ಲೂರು ಗಣಿ ಇರುವುದು ಆಂಧ್ರದಲ್ಲಿ, ಕೃಷ್ಣಾ ನದಿಯ ದಂಡೆಯಲ್ಲಿ. ನಮ್ಮ ಮೂಕಾಂಬಿಕೆಯ ಕೊಲ್ಲೂರಿಗೂ ಅದಕ್ಕೂ ಹೆಸರು ಬಿಟ್ಟರೆ ಬೇರೆ ನಂಟಿಲ್ಲ.

ನಿಜವಾದ ಆರು ಮುಖದ ಹರಳು ಬೇಕಾದರೆ ಬೆಣಚನ್ನೂ ಕುರುವಿಂದವನ್ನೂ ನೋಡಬೇಕು. ಕುಮಾರಪರ್ವತದ ಕಡೆ ಸಿಗುವ ಆರು ಮುಖದ ಕಲ್ಲನ್ನು ಷಣ್ಮುಖ ಲಿಂಗ ಅಂತ ಪೂಜಿಸುವ ವಾಡಿಕೆ ಇದೆಯಲ್ಲ, ಆ ಭಕ್ತಿಯ ಹಿಂದೆ ಒಳ್ಳೆಯ ಕಣ್ಣೂ ಇದೆ ಅಂತ ನನಗೆ ಅನಿಸುತ್ತದೆ. ಕಾಡಿನ ಕಲ್ಲುಗಳ ನಡುವೆ ಇದು ಬೇರೆ, ಇದಕ್ಕೆ ಲೆಕ್ಕವಿಟ್ಟ ಹಾಗೆ ಆರು ಮುಖ ಇದೆ ಎಂದು ಗುರುತಿಸಿದವರು ಯಾರೋ ಇದ್ದರು. ಈಗ ಆ ಬೆಟ್ಟ ಪುಷ್ಪಗಿರಿ ವನ್ಯಧಾಮದೊಳಗಿದೆ, 2012ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಅಲ್ಲಿ ಕಲ್ಲು ನೋಡಬಹುದು, ತರುವ ಹಾಗಿಲ್ಲ.

ಸರಿ, ಮಾವನ ಕಲ್ಲಿಗೆ ಬರೋಣ. ದೀಪಾವಳಿಗೆ ಹೋದಾಗ ನೋಡಿದೆ. ದೊಡ್ಡ ಉಪಕರಣ ಏನೂ ಬೇಕಾಗಲಿಲ್ಲ. ಮೊದಲು ಆಕಾರ. ಗೋಡಂಬಿ ಬರ್ಫಿಯಂತೆ ಓರೆಯಾದ ನಾಲ್ಕು ಮೂಲೆಯ ಮುಖಗಳು, ಎಣಿಸಿದರೆ 12. ಗಾರ್ನೆಟ್ ಬೆಳೆಯುವುದೇ ಹೀಗೆ. ಕುರುವಿಂದವಾಗಿದ್ದರೆ ನಡು ಉಬ್ಬಿದ ಪೀಪಾಯಿಯಂತೆ, ಆರು ಬದಿಯದ್ದಾಗಿ ಇರುತ್ತಿತ್ತು. ಆಮೇಲೆ ತೂಕ. ಚಿನ್ನ ತೂಗುವಂಥ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಒಯ್ದಿದ್ದೆ. ಕಲ್ಲು 18.6 ಗ್ರಾಂ. ನಂತರ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು, ತೂಕ ಸೊನ್ನೆ ಮಾಡಿ, ಕಲ್ಲನ್ನು ನೂಲಿಗೆ ಕಟ್ಟಿ ತಳ ತಾಗದ ಹಾಗೆ ನೀರಿನಲ್ಲಿ ಮುಳುಗಿಸಿದೆ. ತಕ್ಕಡಿ 4.5 ಗ್ರಾಂ ತೋರಿಸಿತು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 4.13. ಅಂದರೆ ಅಷ್ಟೇ ಗಾತ್ರದ ನೀರಿಗಿಂತ ನಾಲ್ಕು ಪಟ್ಟಿಗೂ ಸ್ವಲ್ಪ ಜಾಸ್ತಿ ಭಾರ. ಗಾಜು ಸಾಮಾನ್ಯವಾಗಿ 2.5ರ ಆಸುಪಾಸು ಬರುತ್ತದೆ, ಬೆಣಚುಕಲ್ಲು 2.65. ಕುರುವಿಂದ 4, ಕಬ್ಬಿಣ ಜಾಸ್ತಿ ಇರುವ ಗಾರ್ನೆಟ್ 4.1ರಿಂದ 4.3. ಈ ಪರೀಕ್ಷೆ ಗಾಜನ್ನೂ ಬೆಣಚನ್ನೂ ಪಕ್ಕಕ್ಕೆ ಸರಿಸುತ್ತದೆ, ಗಾರ್ನೆಟ್ಟನ್ನೂ ಮಾಣಿಕ್ಯವನ್ನೂ ಮಾತ್ರ ಖಚಿತವಾಗಿ ಬೇರೆ ಮಾಡುವುದಿಲ್ಲ. ಸಣ್ಣ ತಕ್ಕಡಿಯ ತಪ್ಪೇ ಅಷ್ಟು ವ್ಯತ್ಯಾಸ ತರಬಹುದು.

ಅದಕ್ಕೆ ಆಯಸ್ಕಾಂತ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದು ಸಾಲದು, ನಿಯೋಡಿಮಿಯಂ ಆಯಸ್ಕಾಂತ ಬೇಕು. ಕಬ್ಬಿಣದ ಗಾರ್ನೆಟ್ ಅದಕ್ಕೆ ಮೆಲ್ಲಗೆ ಎಳೆಯಲ್ಪಡುತ್ತದೆ, ಮಾಣಿಕ್ಯ ಅಲುಗುವುದಿಲ್ಲ. ಥರ್ಮಾಕೋಲ್ ಚೂರಿನ ಮೇಲೆ ಕಲ್ಲಿಟ್ಟು ನೀರಿನಲ್ಲಿ ತೇಲಿಸಿದರೆ ಸಣ್ಣ ಎಳೆತವೂ ಕಾಣುತ್ತದೆ. ಮುರಕಲ್ಲಿನ ತುಕ್ಕು ಮೆತ್ತಿಕೊಂಡಿದ್ದರೆ ಅದೂ ಎಳೆಯುತ್ತದೆ, ಹಾಗಾಗಿ ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ಕಲ್ಲು ಸ್ವಲ್ಪ ಪಾರದರ್ಶಕವಾಗಿದ್ದರೆ ಇನ್ನೊಂದು ಉಪಾಯ ಉಂಟು. ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ಕಲ್ಲು ಹಿಡಿದು, ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಮೂಲಕ, ಪರದೆ ಪೂರ್ತಿ ಕಪ್ಪಾಗುವ ಕೋನದಲ್ಲಿ ನೋಡಿ. ಕಲ್ಲನ್ನು ತಿರುಗಿಸುತ್ತ ಹೋದರೆ ಮಾಣಿಕ್ಯ ಬೆಳಗುತ್ತದೆ, ಕಪ್ಪಾಗುತ್ತದೆ, ಮತ್ತೆ ಬೆಳಗುತ್ತದೆ. ಗಾರ್ನೆಟ್ ಮತ್ತು ಗಾಜು ಕಪ್ಪಾಗಿಯೇ ಉಳಿಯುತ್ತವೆ. ಎರಡು ಮೂರು ಬದಿಯಿಂದ ನೋಡಬೇಕು, ಯಾಕೆಂದರೆ ಒಂದು ದಿಕ್ಕಿನಲ್ಲಿ ಮಾಣಿಕ್ಯವೂ ಸುಮ್ನೆ ಕಪ್ಪಾಗಿರುತ್ತದೆ. ಸುತ್ತಿಗೆಯಿಂದ ಕುಟ್ಟಿ ನೋಡುವುದು, ಬೆಂಕಿಗೆ ಹಿಡಿಯುವುದು, ಆಸಿಡ್ ಹಾಕುವುದು, ಇವು ಯಾವುದೂ ಬೇಡ. ಮಾಣಿಕ್ಯ ಗಟ್ಟಿ ನಿಜ, ಸುತ್ತಿಗೆ ಏಟಿಗೆ ಅದೂ ಒಡೆಯುತ್ತದೆ.

ಮಾವನ ಕಲ್ಲು ಆಯಸ್ಕಾಂತದ ಕಡೆ ತೇಲಿಕೊಂಡು ಬಂತು. ಗಾರ್ನೆಟ್. ಅವರ ಮುಖ ಸ್ವಲ್ಪ ಸಣ್ಣದಾಯಿತು.

ಆ ಬೇಸರ ನನಗೆ ಅರ್ಥವಾಗುತ್ತದೆ. 2023ರಲ್ಲಿ ಮೊಜಾಂಬಿಕ್‌ನ 55.22 ಕ್ಯಾರೆಟ್ ಮಾಣಿಕ್ಯ ನ್ಯೂಯಾರ್ಕ್ ಹರಾಜಿನಲ್ಲಿ 3.48 ಕೋಟಿ ಡಾಲರಿಗೆ ಹೋಯಿತು. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಆ ಕಲ್ಲು ಬರೀ 11 ಗ್ರಾಂ. ಇಂಥ ಸುದ್ದಿ ಓದಿದವರು ಕೈಯಲ್ಲಿರುವ ಕೆಂಪು ಕಲ್ಲಿನ ತೂಕಕ್ಕೆ ಆ ದರವನ್ನೇ ಗುಣಿಸುತ್ತಾರೆ. ಹರಳಿನ ಬೆಲೆ ಹಾಗೆ ಏರುವುದಿಲ್ಲ. ಬಣ್ಣ, ಪಾರದರ್ಶಕತೆ, ಬಿರುಕು, ಗಾತ್ರ ಎಲ್ಲ ಒಟ್ಟಿಗೆ ಕೂಡಿಬಂದರೆ ಮಾತ್ರ ಕೋಟಿ. ಕರ್ನಾಟಕದ ಕುರುವಿಂದ ಹೆಚ್ಚಾಗಿ ಮಬ್ಬು. ಮೈಸೂರು ಸೀಮೆಯ ಸ್ಟಾರ್ ರೂಬಿ ಚೆನ್ನಾಗಿಯೇ ಇರುತ್ತದೆ. ಒಳಗಿರುವ ರುಟೈಲ್ ಎಂಬ ಖನಿಜದ ಸೂಜಿಯಂಥ ಎಳೆಗಳಿಂದ ಬೆಳಕು ಆರು ಕಾಲಿನ ನಕ್ಷತ್ರವಾಗಿ ಹೊಳೆಯುತ್ತದೆ. ಹಾಗಿದ್ದೂ ಮಬ್ಬು ಕಲ್ಲಾದ್ದರಿಂದ ಬೆಲೆ ಕಡಿಮೆ. ಮಬ್ಬು ಗಾರ್ನೆಟ್ ಅಂತೂ ಉಜ್ಜುಕಾಗದಕ್ಕೆ ಹೋಗುವ ಸರಕು. ಇನ್ನು ಉಂಗುರದ ಮಾರುಕಟ್ಟೆಯಲ್ಲಿ ಬೇರೆ ತೊಂದರೆ ಇದೆ. ಜ್ವಾಲೆಯಲ್ಲಿ ಕರಗಿಸಿ ಕೃತಕ ಮಾಣಿಕ್ಯ ಮಾಡುವ ವಿಧಾನವನ್ನು ಫ್ರಾನ್ಸಿನ ವರ್ನೂಯಿ 1902ರಲ್ಲೇ ಪ್ರಕಟಿಸಿದ. ಬಿರುಕಿಗೆ ಸೀಸದ ಗಾಜು ತುಂಬಿದ ಮಾಣಿಕ್ಯಗಳೂ ಬರುತ್ತಿವೆ. ಹಾಗಾಗಿ ಲ್ಯಾಬ್ ವರದಿ ಇಲ್ಲದೆ ಕೊಳ್ಳುವುದೂ ತಪ್ಪು, ಮಾರುವುದೂ ತಪ್ಪು.

ಆದರೆ ಹರಳಿಗೆ ಇನ್ನೊಂದು ಬೆಲೆ ಇದೆ, ನಮ್ಮಲ್ಲಿ ಯಾರೂ ಮಾತಾಡದ ಬೆಲೆ. ಆಭರಣಕ್ಕೆ ಬಾರದ, ಕತ್ತರಿಸಬಾರದ, ಸಿಕ್ಕ ಹಾಗೇ ಇಡಬೇಕಾದ ಮಾದರಿ ಹರಳಿನ ಬೆಲೆ. ಪುಣೆ, ಜಳಗಾಂವ್ ಕಡೆಯ ಕಲ್ಲು ಕೋರೆಗಳನ್ನು ನೋಡಿ. ಅಲ್ಲಿನ 6.6 ಕೋಟಿ ವರ್ಷದ ಲಾವಾ ಬಂಡೆಯ ಪೊಟರೆಗಳಲ್ಲಿ ಹಸಿರು ಅಪೊಫಿಲೈಟ್, ಜಿಯೊಲೈಟ್, ಕಡುನೀಲಿ ಕ್ಯಾವನ್ಸೈಟ್ ಸಿಗುತ್ತವೆ. ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ವಾಘೋಲಿ ಎಂಬ ಊರಿನ ಹೆಸರು ಬರೆದ ಚೀಟಿ ಇದೆ. ಆ ಚೀಟಿ ಇಲ್ಲದಿದ್ದರೆ ಆ ಕಲ್ಲು ಬರೀ ಚೆಂದದ ನೀಲಿ ಕಲ್ಲು. ನಮ್ಮ ಬಂಡೆ ಬೇರೆ, ನಮ್ಮಲ್ಲಿ ಜಿಯೊಲೈಟ್ ಹುಡುಕಿ ಪ್ರಯೋಜನವಿಲ್ಲ. ನಮ್ಮಲ್ಲಿ ಬೆಣಚಿನ ನಾಳಗಳಿವೆ, ದೊಡ್ಡ ಹರಳಿನ ಪೆಗ್ಮಟೈಟ್ ಇದೆ, ತಾಯಿ ಬಂಡೆಯಲ್ಲೇ ಕೂತ ಗಾರ್ನೆಟ್ ಇದೆ. ಬೆಣಚಿನ ಹರಳೊಂದು ಬೆಳೆಯುತ್ತ ಬೆಳೆಯುತ್ತ ನಡುವೆ ನಿಂತು, ಮೇಲೆ ಹಸಿರು ಖನಿಜದ ಧೂಳು ಕೂತು, ಮತ್ತೆ ಬೆಳೆದರೆ ಒಳಗೆ ಇನ್ನೊಂದು ಹರಳಿನ ನೆರಳು ಕಾಣುತ್ತದೆ. ಎರಡೂ ತುದಿ ಚೂಪಾದವು ಇರುತ್ತವೆ. ಒಳಗೆ ನೀರಿನ ಗುಳ್ಳೆ ಸಿಕ್ಕಿಹಾಕಿಕೊಂಡವು ಇರುತ್ತವೆ, ಅಲುಗಿಸಿದರೆ ಗುಳ್ಳೆ ಚಲಿಸುತ್ತದೆ. ಇಂಥದ್ದು ನಮ್ಮ ಕೋರೆಯಲ್ಲಿ ಸಿಕ್ಕರೆ ಏನಾಗುತ್ತದೆ? ಕ್ರಷರಿಗೆ ಹೋಗಿ ಜಲ್ಲಿಯಾಗುತ್ತದೆ. ಶಿರಾಡಿ ಘಾಟಿಯಲ್ಲಿ ರಸ್ತೆ ಅಗಲ ಮಾಡಲು ಗುಡ್ಡ ಕಡಿದಾಗ ಎಷ್ಟೊಂದು ಹೊಸ ಬಂಡೆ ಹೊರಗೆ ಬಂತು. ಅದನ್ನೆಲ್ಲ ಯಾರಾದರೂ ನಿಂತು ನೋಡಿ ಬರೆದಿಟ್ಟರೇ ಅನ್ನುವ ಯೋಚನೆ ಬಂದರೆ ನನಗೆ ಹೊಟ್ಟೆ ಉರಿಯುತ್ತದೆ. ಹಾಗಂತ ಕಡಿದ ಗುಡ್ಡದ ಕೆಳಗೆ ಹರಳು ಹುಡುಕಲು ಹೋಗಬೇಡಿ. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೆನಪಿದೆ ಅಲ್ವಾ.

ಈಗ ಕಾನೂನು. ನನ್ನ ತಕರಾರು ಇರುವುದು ಇಲ್ಲೇ.

ಕಾಡಿನ ವಿಷಯದಲ್ಲಿ ಎರಡು ಮಾತಿಲ್ಲ. ಕೂಜುಮಲೆ, ಕಡಮಕಲ್ಲು ಕಡೆ ಹರಳು ಕಲ್ಲಿಗಾಗಿ ರಾತ್ರಿ ಹೋಗಿ ಗುಂಡಿ ತೋಡುವ ಸುದ್ದಿ ವರ್ಷಗಳಿಂದ ಬರುತ್ತಿದೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನಲ್ಲಿರುವ ಕಲ್ಲು, ಖನಿಜವೂ ಅರಣ್ಯ ಉತ್ಪನ್ನ. ವನ್ಯಧಾಮದೊಳಗಾದರೆ 1972ರ ವನ್ಯಜೀವಿ ಕಾಯ್ದೆಯೂ ಸೇರುತ್ತದೆ. ಆ ಇಳಿಜಾರು ಎಂಥದ್ದು ಅಂತ 2018ರಲ್ಲಿ ಗುಡ್ಡ ಕುಸಿದ ಜೋಡುಪಾಲ ತೋರಿಸಿತು, 2022ರ ಆಗಸ್ಟ್‌ನಲ್ಲಿ ಕಲ್ಮಕಾರು, ಕೊಲ್ಲಮೊಗ್ರ ಮತ್ತೆ ತೋರಿಸಿದವು. ಅಂಥ ಮಣ್ಣಿನಲ್ಲಿ ಗುಂಡಿ ತೋಡಿ ಹಾಗೇ ಬಿಟ್ಟು ಬರುವುದು ಕೆಳಗಿನ ಮನೆಗಳಿಗೆ ಮಾಡುವ ಅನ್ಯಾಯ. ಇದು ನಿಲ್ಲಬೇಕು, ಗುಂಡಿ ತೋಡುವ ಕೂಲಿಯವರನ್ನು ಹಿಡಿದರೆ ಸಾಲದು, ಕೊಳ್ಳುವವರನ್ನು ಹಿಡಿಯಬೇಕು.

ಮಾವನದ್ದು ಕಾಡಲ್ಲ, ಸ್ವಂತ ತೋಟ. ಅಲ್ಲಿ ಏನು? ಕರ್ನಾಟಕ ಭೂಕಂದಾಯ ಕಾಯ್ದೆ 1964ರ 70ನೇ ಕಲಂ, ಖನಿಜದ ಹಕ್ಕು ರಾಜ್ಯ ಸರಕಾರದ್ದು ಅನ್ನುತ್ತದೆ. ಪಕ್ಕದ ಕೇರಳದ ಮಲಬಾರಿನ ಭೂಮಾಲೀಕರ ಪ್ರಕರಣದಲ್ಲಿ 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟ್, ಕಾನೂನು ಸ್ಪಷ್ಟವಾಗಿ ಕಿತ್ತುಕೊಳ್ಳದಿದ್ದರೆ ನೆಲದ ಕೆಳಗಿನದ್ದೂ ನೆಲದ ಒಡೆಯನದ್ದೇ ಅಂದಿತು. ಈ ತೀರ್ಪು ಓದಿ ತೋಟ ಅಗೆಯಲು ಹೊರಡಬೇಡಿ, ನಮ್ಮ 70ನೇ ಕಲಂ ಹಾಗೇ ಇದೆ. ಒಡೆತನ ಯಾರದ್ದೇ ಆದರೂ, 1957ರ ಗಣಿ ಮತ್ತು ಖನಿಜ ಕಾಯ್ದೆಯ 4ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಹುಡುಕುವುದೂ ಇಲ್ಲ, ತೆಗೆಯುವುದೂ ಇಲ್ಲ, ಸಾಗಿಸುವುದೂ ಇಲ್ಲ. ತಪ್ಪಿದರೆ 5 ವರ್ಷದವರೆಗೆ ಜೈಲು, ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ. ನಮ್ಮ ಜಿಲ್ಲೆಗಳಲ್ಲಿ ಕುಮ್ಕಿ ಬೇರೆ ಇದೆ. ತೋಟದ ಅಂಚಿನ ಕುಮ್ಕಿಯಲ್ಲಿ ಅಜ್ಜನ ಕಾಲದಿಂದ ಸೊಪ್ಪು ತಂದಿರಬಹುದು, ಆದರೂ ಅದು ಸರಕಾರಿ ಜಾಗ. ಸಮುದ್ರದ ಬದಿಯ ಕಪ್ಪು ಮರಳಿನಲ್ಲಿರುವ ಗಾರ್ನೆಟ್ ಇನ್ನೂ ಬಿಗಿ. ಇಲ್ಮನೈಟ್, ಝಿರ್ಕಾನ್, ಮೊನಜೈಟ್ ಜೊತೆ ಅದೂ ಅಣು ಖನಿಜಗಳ ಪಟ್ಟಿಯಲ್ಲಿದೆ.

ಪಟ್ಟಿಗಳೂ ಬದಲಾಗುತ್ತ ಇರುತ್ತವೆ. 2015ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ 31 ಖನಿಜಗಳನ್ನು ಉಪಖನಿಜ ಎಂದು ರಾಜ್ಯಗಳ ಕೈಗೆ ಕೊಟ್ಟಿತು. ಬೆಣಚು, ಅಭ್ರಕ, ಕುರುವಿಂದ, ನಮ್ಮ ಮುರಕಲ್ಲು ಎಲ್ಲ ಅದರಲ್ಲಿದ್ದವು. 2025ರ ಫೆಬ್ರವರಿಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ, ಬರೈಟ್ ಈ ನಾಲ್ಕನ್ನು ವಾಪಸ್ ಪ್ರಧಾನ ಖನಿಜ ಮಾಡಿತು. ಕಾರಣ ಕುತೂಹಲದ್ದು. ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಮೂರೂ ಒಟ್ಟಿಗಿರುವ ಪೆಗ್ಮಟೈಟ್ ಬಂಡೆಯಲ್ಲೇ ಲಿಥಿಯಂ, ಟ್ಯಾಂಟಲಂ, ಪಚ್ಚೆಯ ಕುಲದ ಬೆರಿಲ್ ಮೊದಲಾದವು ಸಿಗುವ ಸಾಧ್ಯತೆ ಇರುತ್ತದೆ. ಉಪಖನಿಜ ಅಂತ ಗಣಿ ನಡೆಸುವಾಗ ಅವು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಅಂದರೆ ಕಲ್ಲು ಎಲ್ಲಿ ಸಿಕ್ಕಿತು, ಜೊತೆಗೆ ಏನಿತ್ತು ಎಂಬ ಮಾಹಿತಿ ದೇಶಕ್ಕೂ ಬೇಕು ಅಂತ ಸರಕಾರವೇ ಒಪ್ಪಿದ ಹಾಗಾಯಿತು.

ಆ ಮಾಹಿತಿ ಕೈಯಲ್ಲಿರುವುದು ಯಾರ ಬಳಿ? ಬಾವಿ ತೋಡುವವರು, ಅಡಿಕೆ ಗುಂಡಿ ತೆಗೆಯುವವರು, ಹಿಟಾಚಿ ಓಡಿಸುವ ಹುಡುಗರು, ಕೋರೆಯ ಕೆಲಸದವರು. ಅವರಿಗೆ ಬಾಯಿ ಬಿಡಲು ಹೆದರಿಕೆ. ಹೇಳಿದರೆ ಕೇಸು, ಹೇಳದಿದ್ದರೆ 500 ರೂಪಾಯಿ. ರಾತ್ರಿ ಕಾಡಿಗೆ ನುಗ್ಗುವ ಗುಂಪನ್ನೂ, ತೊಳೆದ ಕಲ್ಲನ್ನು ಶೋಕೇಸಿನಲ್ಲಿಟ್ಟ ಮೇಷ್ಟ್ರನ್ನೂ ಕಾನೂನು ಒಂದೇ ಕಣ್ಣಿನಿಂದ ನೋಡುತ್ತದೆ, ಹವ್ಯಾಸಕ್ಕೆ ಕಲ್ಲು ಕೂಡಿಸುವವರು ಅನ್ನುವ ವರ್ಗವೇ ಅದರಲ್ಲಿಲ್ಲ. ಮಾವನ ಕಲ್ಲನ್ನು ತೋರಿಸಲು ನಾನೊಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದವರು ಕಲ್ಲನ್ನು ನೋಡಲೂ ಇಲ್ಲ. "ಇದನ್ನೆಲ್ಲ ಇಲ್ಲಿಗೆ ತರಬೇಡಿ, ನಿಮಗೂ ಕಷ್ಟ, ನಮಗೂ ಕಷ್ಟ" ಅಂದರು. ಅವರು ಕೆಟ್ಟವರಲ್ಲ, ಅಂಥ ಕಲ್ಲನ್ನು ಏನು ಮಾಡಬೇಕು ಅಂತ ಹೇಳುವ ಕಾಗದ ಅವರ ಬಳಿ ಇರಲಿಲ್ಲ ಅಷ್ಟೇ. ಅದೇ ದಲ್ಲಾಳಿ ಮನೆ ಬಾಗಿಲಿಗೇ ಬರುತ್ತಾನೆ, ಕಲ್ಲನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ, ನಾಲ್ಕು ಸಲ ಪ್ರಶ್ನೆ ಕೇಳುತ್ತಾನೆ. ಮಾಹಿತಿ ಯಾರ ಕಡೆ ಹೋಗುತ್ತದೆ ಹೇಳಿ.

ಬೇರೆ ದಾರಿ ಇಲ್ಲವೇ ಅಂದರೆ ಇದೆ, ನಮ್ಮ ದೇಶದಲ್ಲೇ ಇದೆ. ಮಧ್ಯಪ್ರದೇಶದ ಪನ್ನಾದಲ್ಲಿ ಸರಕಾರದ ವಜ್ರ ಕಚೇರಿ ಇದೆ. ಕಡಿಮೆ ಶುಲ್ಕ ಕಟ್ಟಿದರೆ ಸಾಮಾನ್ಯ ಜನರಿಗೂ 8 ಮೀಟರ್ ಉದ್ದ, 8 ಮೀಟರ್ ಅಗಲದ ತುಂಡು ಜಾಗದ ಪರವಾನಗಿ ಸಿಗುತ್ತದೆ. ವಜ್ರ ಸಿಕ್ಕರೆ ಕಚೇರಿಗೆ ಒಪ್ಪಿಸಬೇಕು. ಅವರು ಹರಾಜು ಹಾಕಿ, ರಾಯಧನ ಮುರಿದುಕೊಂಡು, ಉಳಿದ ಹಣವನ್ನು ಸಿಕ್ಕವನಿಗೆ ಕೊಡುತ್ತಾರೆ. ಕೂಲಿ ಮಾಡುವವರು ಲಕ್ಷಾಧಿಪತಿಗಳಾದ ಸುದ್ದಿ ಅಲ್ಲಿಂದ ಆಗಾಗ ಬರುತ್ತದೆ. ಶ್ರೀಲಂಕಾದಲ್ಲಿ ಸಣ್ಣ ಗುಂಡಿಗೂ ಪರವಾನಗಿ ಉಂಟು, ಗುಂಡಿ ಮುಚ್ಚುವ ಖಾತ್ರಿಗೆ ಠೇವಣಿ ಇಡಬೇಕು.

ಪನ್ನಾದ ಪದ್ಧತಿಯನ್ನು ಹಾಗೇ ಸುಳ್ಯಕ್ಕೆ ತರಬೇಕು ಅಂತ ನಾನು ಹೇಳುವುದಿಲ್ಲ. ನಮ್ಮದು ಮಳೆಯ ಊರು, ಇಳಿಜಾರಿನ ಊರು, ಪಕ್ಕದಲ್ಲೇ ಅಭಯಾರಣ್ಯ. ಇಲ್ಲಿ ಗುಂಡಿಗೆ ಪರವಾನಗಿ ಕೊಡಲು ಶುರು ಮಾಡಿದರೆ ಗುಡ್ಡವೇ ಉಳಿಯದು. ನನಗೆ ಬೇಕಾಗಿರುವುದು ಅದಕ್ಕಿಂತ ಸಣ್ಣದು. ಬೇರೆ ಕೆಲಸಕ್ಕೆ ಅಗೆದಾಗ ತಾನಾಗಿ ಸಿಕ್ಕ ಕಲ್ಲನ್ನು ಹೆದರಿಕೆಯಿಲ್ಲದೆ ತಂದು ತೋರಿಸುವ ಒಂದು ಕಿಟಕಿ. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ ಇದೆ. ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನ ಓದುವ ಮಕ್ಕಳಿದ್ದಾರೆ, ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರ ಇದೆ. ತಿಂಗಳಿಗೆ ಒಂದು ದಿನ, ಒಂದು ಮೇಜು, ಒಂದು ತಕ್ಕಡಿ, ಒಂದು ಸೂಕ್ಷ್ಮದರ್ಶಕ, ಒಂದು ದಾಖಲೆ ಪುಸ್ತಕ ಸಾಕು. ಕಲ್ಲು ನೋಡಿ, ಇದು ಇಂಥದ್ದು ಅಂತ ಬರೆದು ಸಹಿ ಹಾಕಿ ಕೊಡಲಿ. ಸಿಕ್ಕ ಜಾಗವನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಲಿ, ಹೊರಗೆ ಹೇಳುವುದು ಬೇಡ. ನಿಜಕ್ಕೂ ಅಪರೂಪದ್ದಾದರೆ ನ್ಯಾಯವಾದ ಬೆಲೆ ಕೊಟ್ಟು, ಸಿಕ್ಕವರ ಊರಿನ ಹೆಸರು ಬರೆದು, ಮ್ಯೂಸಿಯಂನಲ್ಲಿಡಲಿ. ಇಂಥ ಭೂಪರಂಪರೆಯ ತಾಣ, ವಸ್ತುಗಳನ್ನು ಕಾಪಾಡಲೆಂದು 2022ರ ಕೊನೆಗೆ ಕೇಂದ್ರ ಗಣಿ ಸಚಿವಾಲಯ ಒಂದು ಮಸೂದೆಯ ಕರಡು ಹೊರಡಿಸಿತ್ತು. ನಮ್ಮ ಕಿಟಕಿಗೆ ಅದಕ್ಕೆ ಕಾಯುವ ಅಗತ್ಯವಿಲ್ಲ. ಜಿಲ್ಲಾಧಿಕಾರಿಗಳ ಒಂದು ಸುತ್ತೋಲೆಯಿಂದ ಶುರು ಮಾಡಬಹುದಾದ ಕೆಲಸ ಇದು.

ದಲ್ಲಾಳಿ ಒಯ್ದ ಎರಡು ಕಲ್ಲು ಎಲ್ಲಿ ಹೋದವೋ ಗೊತ್ತಿಲ್ಲ. ಅವು ಬಂದದ್ದು ನಮ್ಮ ಮಾವನ ತೋಟದಿಂದ ಅಂತ ಇನ್ನು ಯಾರೂ ಹೇಳಲಾರರು. ಮೂರನೆಯದು ಮಾವನ ಮನೆಯ ಗೋಡೆ ಕಪಾಟಿನಲ್ಲಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಹತ್ತಿ ಹಾಸಿ ಇಟ್ಟಿದೆ.

ಹೋದ ವಾರ ಮತ್ತೆ ಫೋನ್ ಮಾಡಿದ್ದರು. ಗುಂಡಿಯಿಂದ ತೆಗೆದ ಮಣ್ಣನ್ನು ತೆಂಗಿನ ಬುಡಕ್ಕೆ ಹಾಕುವಾಗ ಅತ್ತೆಗೆ ಇನ್ನೊಂದು ಕಂಡಿತಂತೆ. ಈ ಸಲ ಒಂಟಿ ಹರಳಲ್ಲ. ಮುಷ್ಟಿ ಗಾತ್ರದ ಕಪ್ಪು ಬಿಳುಪು ಬಂಡೆಯ ಚೂರು, ಅದರಲ್ಲಿ ಹಲಸಿನ ಹಣ್ಣಿನಲ್ಲಿ ಬೇಳೆ ಕೂತ ಹಾಗೆ ನಾಲ್ಕು ಗಾರ್ನೆಟ್. ತಾಯಿ ಬಂಡೆಯ ಸಮೇತ.

"ಒಡೆದು ತೆಗೆದಿರಾ ಮಾವ?" ಅಂದೆ, ಹೆದರಿಕೊಂಡೇ.

"ಇಲ್ಲಪ್ಪ, ಅತ್ತೆ ಮುಟ್ಟಲು ಬಿಡಲಿಲ್ಲ. ಚೀಟಿ ಬರೆದಾಯಿತು, ಓದ್ತೇನೆ ಕೇಳು. ಕೆಳಗಿನ ತೋಟ, ತೋಡಿನಿಂದ 20 ಹೆಜ್ಜೆ ಮೇಲೆ, ಎರಡನೇ ಸಾಲಿನ ಏಳನೇ ಗುಂಡಿ, ಎರಡೂವರೆ ಅಡಿ ಕೆಳಗೆ, ಶೇಡಿ ಮಣ್ಣು ಶುರುವಾಗುವ ಕಡೆ. ಇಷ್ಟು ಸಾಕಾ?"